ಎರಡು ಕೈಯಲ್ಲಿ ಕೊಡುವ ಸಮಾಧಾನ

ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತರ ಭೋಜನದ ಆರಾಧನೆ, ಯೇಸುವಿನ ಕಡೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು. ಬೇರೆ ಭಾನುವಾರಗಳಿಗಿಂತ ಅವತ್ತು ಹೊತ್ತು ಜಾಸ್ತಿ ಹಿಡಿಯುತ್ತದೆ. ಆ ಲೆಕ್ಕ ನನ್ನ ತಲೆಯಲ್ಲಿ ಬೆಳಗ್ಗೆಯಿಂದಲೇ ಓಡುತ್ತಿರುತ್ತದೆ. ಹನ್ನೊಂದೂವರೆಗೆ ಮಗಳ ಟ್ಯೂಷನ್. ಗಾಡಿಯನ್ನು ಸರಿಯಾದ ಕಡೆ ನಿಲ್ಲಿಸದಿದ್ದರೆ ಗೇಟು ದಾಟುವುದಕ್ಕೇ ಕಾಲು ಗಂಟೆ ಬೇಕು. ಮನೆಗೆ ಹೋಗಿ ಕುಕ್ಕರ್ ಇಡಬೇಕು, ನೆನೆಹಾಕಿದ ಬಟ್ಟೆ ಬೇರೆ ಕಾಯುತ್ತಿರುತ್ತದೆ. ಹಾಗಾಗಿ ನಾನು ಯಾವಾಗಲೂ ಕೊನೆಯ ಬೆಂಚಿನ ತುದಿಯಲ್ಲಿ, ಬಾಗಿಲ ಪಕ್ಕ ಕೂರುವವಳು. ಕಡೆಯ ಆಶೀರ್ವಾದಕ್ಕೆ ತಲೆ ಬಗ್ಗಿಸಿದಾಗಲೇ ಗಾಡಿ ಕೀಲಿ ಕೈಯಲ್ಲಿರುತ್ತದೆ.

ಕೆಲವು ತಿಂಗಳ ಹಿಂದೆ ಅಂಥದ್ದೇ ಒಂದು ಭಾನುವಾರ. ಪ್ರಸಂಗ, ಅಂದರೆ ಪಾದ್ರಿಗಳ ಉಪದೇಶ, ಮುಗಿದಿತ್ತು, ಪ್ರಾರ್ಥನೆಗಳೂ ಮುಗಿದಿದ್ದವು. ಕಾಣಿಕೆಗೆ ಮುಂಚೆ ಒಬ್ಬರಿಗೊಬ್ಬರು ಸಮಾಧಾನ ಕೊಡುವ ಹೊತ್ತು. ನನ್ನ ಪಕ್ಕದಲ್ಲಿ ವಯಸ್ಸಾದ ಒಬ್ಬ ಹೆಂಗಸು ಕೂತಿದ್ದರು. ಬಿಳಿ ಸೀರೆ, ಅಂಚಿಗೆ ಸಣ್ಣ ನೀಲಿ ಗೆರೆ, ತೊಡೆಯ ಮೇಲೆ ಒಂದು ಬಟ್ಟೆ ಚೀಲ. ನಾನು ಕೈ ಕೊಟ್ಟೆ. "ಸಮಾಧಾನವಾಗಲಿ" ಎಂದೆ. ಕೈ ಹಿಂದಕ್ಕೆ ತೆಗೆದುಕೊಳ್ಳಲು ಹೋದೆ, ಬರಲಿಲ್ಲ. ಅವರು ಬಿಟ್ಟಿರಲಿಲ್ಲ. ನನ್ನ ಬಲಗೈ ಅವರ ಎರಡೂ ಕೈಗಳ ನಡುವೆ ಸಿಕ್ಕಿಕೊಂಡಿತ್ತು. ಒಂದು, ಎರಡು, ಮೂರು ಸೆಕೆಂಡ್. ನಾನು ನಕ್ಕೆ. 'ಆಯ್ತಲ್ಲ, ಬಿಡಿ' ಅನ್ನುವಾಗ ನಗುತ್ತೇವಲ್ಲ, ಆ ನಗು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ನಾನೇ ಮೆಲ್ಲಗೆ ಕೈ ಎಳೆದುಕೊಂಡೆ. ಅಷ್ಟರಲ್ಲಿ ಹಾಡು ಶುರುವಾಗಿತ್ತು, ಬ್ಯಾಗಿನಲ್ಲಿ ಕಾಣಿಕೆಯ ಕವರ್ ಹುಡುಕಬೇಕಿತ್ತು.

ಅಷ್ಟೇ ನಡೆದದ್ದು. ಆದರೆ ಅದು ಬಟ್ಟೆಗೆ ಸಿಕ್ಕಿಕೊಂಡ ಮುಳ್ಳಿನ ಹಾಗೆ ಇಡೀ ವಾರ ಚುಚ್ಚುತ್ತಲೇ ಇತ್ತು. ಯಾರಾದರೂ ಬೈದಿದ್ದರೆ ಮರೆತುಬಿಡುತ್ತಿದ್ದೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ. ಒಬ್ಬರು ಕೈ ಹಿಡಿದುಕೊಂಡಿದ್ದರು, ನಾನು ಬಿಡಿಸಿಕೊಂಡಿದ್ದೆ.

ಅಂಗೈಗೆ ಅಂಗೈ

ಈ ಸಮಾಧಾನ ಕೊಡುವ ಕ್ರಮ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಚರ್ಚುಗಳಲ್ಲಿ ಬೆಳೆದವರಿಗೆಲ್ಲ ಗೊತ್ತು. ಗೊತ್ತು ಅನ್ನುವುದಕ್ಕಿಂತ ರೂಢಿ ಅನ್ನಬೇಕು. ರೂಢಿಯಾದದ್ದನ್ನು ಯಾರು ನೋಡುತ್ತಾರೆ? ನಾನು ಆ ವಾರ ಮೊದಲ ಸಲ ಕೂತು ನೋಡಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆ ಆಯಿತು. ಅವರಿಗೆ ಒಂದೇ ಒಂದು ಆರಾಧನಾ ಕ್ರಮ ಬೇಕಿತ್ತು. 1950ರಲ್ಲಿ ಹೊಸ ಕ್ರಮ ಬಂತು. ಅದರಲ್ಲಿ ಈ ಕೈ ಕೊಡುವುದನ್ನು ಸೇರಿಸಿದರು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಎಷ್ಟೋ ಕಾಲದಿಂದ ಇದ್ದ ಪದ್ಧತಿ ಅದು. ಪಶ್ಚಿಮದ ಬಹುತೇಕ ಸಭೆಗಳಲ್ಲಿ ಜನರ ನಡುವಿನಿಂದ ಅದು ಯಾವತ್ತೋ ಕಳೆದುಹೋಗಿತ್ತು.

ಹೇಗೆ ಕೊಡಬೇಕು ಅಂತಲೂ ಬರೆದಿದ್ದಾರೆ. ಕೊಡುವವರು ತಮ್ಮ ಬಲ ಅಂಗೈಯನ್ನು ತೆಗೆದುಕೊಳ್ಳುವವರ ಬಲ ಅಂಗೈಗೆ ಹಚ್ಚಬೇಕು. ಆಮೇಲೆ ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈಯ ಮೇಲೆ ಮುಚ್ಚಬೇಕು. ಅಂದರೆ ನಾಲ್ಕು ಕೈ ಬೇಕು. ಮನೆಯಲ್ಲಿ ಮಗಳ ಜೊತೆ ಮಾಡಿ ನೋಡಿದೆ. ಹಾಗೆ ಹಿಡಿದಾಗ ಇಬ್ಬರಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರುವುದಕ್ಕೆ ಸಾಧ್ಯವಿಲ್ಲ, ಗಾಡಿ ಕೀಲಿಯೂ ಇರುವುದಿಲ್ಲ. 1950ರಲ್ಲಿ ಬರೆದವರಿಗೆ ಮೊಬೈಲಿನ ಕಲ್ಪನೆ ಎಲ್ಲಿತ್ತು, ಆದರೂ ನನ್ನನ್ನು ನೋಡಿಯೇ ಬರೆದ ಹಾಗಿತ್ತು.

ಇನ್ನೊಂದು ವಿಷಯ. ಹಳೆಯ ಕ್ರಮದಲ್ಲಿ ಸಮಾಧಾನ ಎಲ್ಲ ಕಡೆಯಿಂದ ಒಮ್ಮೆಗೇ ಹೊರಡುವುದಿಲ್ಲ. ಅಯ್ಯನವರು (ಪಾದ್ರಿಗಳನ್ನು ನಾವು ಕರೆಯುವುದು ಹಾಗೆ) ಕರ್ತರ ಮೇಜಿನ ಹತ್ತಿರ ಜೊತೆಗಿರುವವರಿಗೆ ಕೊಡುತ್ತಾರೆ. ಅವರು ಇಳಿದು ಬಂದು ಒಂದೊಂದು ಬೆಂಚಿನ ತುದಿಯಲ್ಲಿ ಕೂತವರಿಗೆ ಕೊಡುತ್ತಾರೆ. ತುದಿಯವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ. ನನಗೆ ಸಿಗುವ ತನಕ ನಾನು ಕೊಡುವ ಹಾಗಿಲ್ಲ, ಕಾಯಬೇಕು. ಚಿಕ್ಕವಳಿದ್ದಾಗ ನಮ್ಮೂರು, ಗದಗಿನ ಪಕ್ಕದ ಬೆಟಗೇರಿಯಲ್ಲಿ ಇದನ್ನು ನೋಡಿದ ನೆನಪಿದೆ. ಸಮಾಧಾನ ಬೆಂಚಿನುದ್ದಕ್ಕೂ ಒಬ್ಬೊಬ್ಬರನ್ನೇ ದಾಟಿ, ನೀರು ಕಾಲುವೆಯಲ್ಲಿ ಬರುವ ಹಾಗೆ ಬರುತ್ತಿತ್ತು. ನಾವು ಮಕ್ಕಳು ನಮ್ಮ ಸರದಿ ಬರುವಷ್ಟರಲ್ಲಿ ಕೈ ಬೆವರಿ ಫ್ರಾಕಿಗೆ ಒರೆಸಿಕೊಳ್ಳುತ್ತಿದ್ದೆವು. ಈಗ ಬೆಂಗಳೂರಿನ ನಮ್ಮ ಸಭೆಯಲ್ಲಿ ಎಲ್ಲರೂ ಒಮ್ಮೆಗೇ ಶುರುಮಾಡುತ್ತಾರೆ. ಹಿಂದೆ, ಮುಂದೆ, ಅಕ್ಕಪಕ್ಕ, ಟಕಟಕ ನಾಲ್ಕು ಕೈ ಕುಲುಕಿದರೆ ಮುಗಿಯಿತು. ಕೊರೊನಾ ಬಂದಾಗ ಅದೂ ನಿಂತು ದೂರದಿಂದಲೇ ಕೈಮುಗಿಯುವುದಾಯಿತು. ಕಾಯಿಲೆ ಹೋದ ಮೇಲೂ ಕೆಲವರು ಕೈಮುಗಿಯುವುದರಲ್ಲೇ ಉಳಿದಿದ್ದಾರೆ. ತಪ್ಪೇನಿಲ್ಲ. ನನಗಂತೂ ಒಳಗೊಳಗೇ ಅನುಕೂಲವೇ ಆಗಿತ್ತು.

ಈಗ ಆ ಪದ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಪುನರುತ್ಥಾನದ ಸಂಜೆ ಯೇಸು ಬಾಗಿಲು ಮುಚ್ಚಿದ ಮನೆಯೊಳಗೆ ಬಂದು ನಿಂತು ಹೇಳುವುದು "ನಿಮಗೆ ಸಮಾಧಾನವಾಗಲಿ" ಅಂತ. ಈಚಿನ ಕೆಲವು ಅನುವಾದಗಳಲ್ಲಿ ಅದು 'ಶಾಂತಿ' ಆಗಿದೆ. ಶಾಂತಿ ಒಳ್ಳೆಯ ಪದವೇ. ಆದರೆ ಅದು ಸ್ವಲ್ಪ ಎತ್ತರದಲ್ಲಿ ಕೂತಿರುತ್ತದೆ, ಅಡುಗೆಮನೆಗೆ ಬರುವುದಿಲ್ಲ. ಸಮಾಧಾನ ಹಾಗಲ್ಲ. ಅಳುವ ಮಗುವಿಗೆ ಸಮಾಧಾನ ಮಾಡುತ್ತೇವೆ. ಓಡೋಡಿ ತಿನ್ನುವವನಿಗೆ 'ಸಮಾಧಾನವಾಗಿ ಉಣ್ಣೋ' ಅನ್ನುತ್ತೇವೆ. ಬಸ್ಸಿಗೆ ಹೊರಟವರಿಗೆ 'ಅವಸರ ಬೇಡ, ಸಮಾಧಾನವಾಗಿ ಹೋಗು' ಅನ್ನುತ್ತೇವೆ. ನಿಂತಲ್ಲಿ ನಿಲ್ಲದವನನ್ನು ಕಂಡು 'ಅವನಿಗೆ ಸಮಾಧಾನವೇ ಇಲ್ಲ' ಅಂತ ತಲೆ ಆಡಿಸುತ್ತೇವೆ. (ಓಟದಲ್ಲಿ ಸೋತವನಿಗೆ ಸಮಾಧಾನಕರ ಬಹುಮಾನವನ್ನೂ ಕೊಡುತ್ತೇವೆ. ನನಗೆ ಶಾಲೆಯಲ್ಲಿ ಸಿಕ್ಕ ಬಹುಮಾನಗಳೆಲ್ಲ ಅವೇ.) ಅಂದರೆ ದೇವರು ಕೊಡುವ ಶಾಂತಿಗೂ, ಅವಸರ ಮಾಡದೆ ಇರುವುದಕ್ಕೂ, ನೊಂದವರ ಪಕ್ಕ ಕೂರುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಅದನ್ನು ನಾನು ಇಷ್ಟು ವರ್ಷ ಒಂದು ಸೆಕೆಂಡಿನಲ್ಲಿ ಕೊಟ್ಟು ಮುಗಿಸುತ್ತಿದ್ದೆ.

ಮುಂದಿನ ತಿಂಗಳು ಬೇಕಂತಲೇ ಅದೇ ಬೆಂಚಿಗೆ ಹೋದೆ. ಆರಾಧನೆ ಶುರುವಾಗಲು ಇನ್ನೂ ಹೊತ್ತಿತ್ತು. "ಆಂಟಿ, ಚೆನ್ನಾಗಿದ್ದೀರಾ?" ಎಂದೆ. ಅವರು ಕಿವಿ ತೋರಿಸಿದರು. ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು, ಅದರೊಳಗಿನ ಕಿವಿ ಮೆಷಿನ್ ಹಾಕಿಕೊಂಡರು.

"ಈಗ ಹೇಳಮ್ಮ. ಇಲ್ಲಿ ಇದನ್ನ ಹಾಕ್ಕೊಂಡ್ರೆ ಮೈಕ್ ಸದ್ದಿಗೆ ಕುಂಯ್ ಅನ್ನುತ್ತೆ. ಅದಕ್ಕೆ ತೆಗೆದು ಚೀಲಕ್ಕೆ ಹಾಕ್ಬಿಡ್ತೀನಿ."

"ಮತ್ತೆ ಪ್ರಸಂಗ?"

"ಎಲ್ಲಿ ಕೇಳುತ್ತೆ! ಅಯ್ಯನವರು ಕೈ ಆಡಿಸೋದು ನೋಡ್ತಾ ಕೂತಿರ್ತೀನಿ." ನಕ್ಕರು. "ಎಲ್ರೂ ಎದ್ದಾಗ ಏಳ್ತೀನಿ, ಕೂತಾಗ ಕೂರ್ತೀನಿ. ಸಮಾಧಾನ ಕೊಡೋದು ಮಾತ್ರ ನಂಗೆ ಪೂರ್ತಿ ಸಿಗುತ್ತೆ ಕಣಮ್ಮ."

ಏನು ಹೇಳಬೇಕೋ ತಿಳಿಯಲಿಲ್ಲ. ಎರಡು ಗಂಟೆಯ ಆರಾಧನೆಯಲ್ಲಿ ಅವರಿಗೆ ಪೂರ್ತಿ ಸಿಗುವುದು ಅದೊಂದು. ಹೋದ ಸಲ ಅದು ಬರಬೇಕಾದದ್ದು ನನ್ನ ಕೈಯಿಂದ.

"ಛಲೋ ಆತು ಬಿಡವ್ವ"

ಇದನ್ನು ಬರೆಯಲು ಕೂತಾಗ, ಚರ್ಚಿನ ಅಜ್ಜಿಯ ಕಥೆ ಹೇಳಿ ಮುಗಿಸಿದರೆ ಸಾಕು ಅಂದುಕೊಂಡಿದ್ದೆ. ಆದರೆ ಅದಕ್ಕಿಂತ ಕೆಟ್ಟದ್ದೊಂದು ನಡೆದಿದೆ. ಅದನ್ನು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ಅವ್ವ ಬೆಟಗೇರಿಯಲ್ಲಿದ್ದಾಳೆ, ತಮ್ಮನ ಮನೆಯಲ್ಲಿ. ದಿನಾ ಬೆಳಗ್ಗೆ ಏಳೂಕಾಲಿಗೆ ಫೋನ್ ಮಾಡುತ್ತಾಳೆ. ಏಳೂಕಾಲು ಅಂದರೆ ನಮ್ಮ ಮನೆಯಲ್ಲಿ ಯುದ್ಧದ ಹೊತ್ತು. ಮೂರು ಡಬ್ಬಿ ಕಟ್ಟಬೇಕು, ಮಗಳ ಒಂದು ಸಾಕ್ಸ್ ಕಾಣುವುದಿಲ್ಲ, ಹಾಲು ಉಕ್ಕುತ್ತಿರುತ್ತದೆ. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮಿಕ್ಸಿಯ ಪಕ್ಕ ನಿಲ್ಲಿಸಿ ಬೀನ್ಸ್ ಹೆಚ್ಚುತ್ತೇನೆ. ಅವಳು ಮಾತಾಡುತ್ತಾಳೆ, ನಾನು ಹೂಂ ಅನ್ನುತ್ತೇನೆ. ಹೂಂ ಅನ್ನುವುದಕ್ಕೆ ಮನಸ್ಸೇ ಬೇಕಾಗಿಲ್ಲ, ಗಂಟಲು ಸಾಕು. ನಡುನಡುವೆ ಬೇಜಾರಾಗದಿರಲಿ ಅಂತ 'ಹೌದೇನು', 'ಛಲೋ ಆತು ಬಿಡವ್ವ' ಸೇರಿಸುತ್ತೇನೆ.

ಒಂದು ರಾತ್ರಿ ತಮ್ಮ ಫೋನ್ ಮಾಡಿದ.

"ಅಕ್ಕಾ, ನಾಳೆ ಅವ್ವನ ಕಣ್ಣಿನ ಆಪರೇಷನ್ ಐತಿ. ನೀ ಒಂದ್ ಮಾತೂ ಕೇಳಲಿಲ್ಲಲಾ?"

"ಆಪರೇಷನ್? ನನಗ ಯಾರೂ ಹೇಳೇ ಇಲ್ಲ!"

"ಅವ್ವ ಹೇಳ್ಯಾಳಂತ. ಪೊರಿ ತೆಗಸ್ಬೇಕಂತ, ಬಲಗಣ್ಣಿಂದು, ಅಂಜಿಕಿ ಆಗೇತಿ ಅಂತ. ನೀ ಛಲೋ ಆತು ಬಿಡವ್ವ ಅಂದ್ಯಂತ."

ಅವ್ವ ಸಿಟ್ಟಾಗಿರಲಿಲ್ಲ. ಅದೇ ಕಷ್ಟ. ನಾನು ಧೈರ್ಯ ಹೇಳಿದೆ ಅಂತಲೇ ಅವಳು ತಿಳಿದುಕೊಂಡಿದ್ದಳು. "ಆಕಿ ಛಲೋ ಆತು ಅಂದ್ಲು, ಇನ್ನೇನ್ ಅಂಜೂದು" ಅಂತ ತಮ್ಮನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳಂತೆ.

ನಮ್ಮ ಜನ 'ನಿನ್ನನ್ನು ಪ್ರೀತಿಸುತ್ತೇನೆ' ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಊಟ ಆಯ್ತಾ ಅಂತ ಕೇಳುತ್ತಾರೆ, ಅದೇ ನಮ್ಮ ಪ್ರೀತಿಯ ಭಾಷೆ ಅಂತ ತುಂಬ ಜನ ಬರೆದಿದ್ದಾರೆ. ನಾನೂ ಒಪ್ಪಿಕೊಂಡಿದ್ದೆ. ಈಗ ಅನುಮಾನ ಬಂದಿದೆ. ಆ ಪ್ರಶ್ನೆಯನ್ನು ನಾನು ದಿನಾ ಕೇಳುತ್ತೇನೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ. ಆಗಿಲ್ಲ ಅಂದರೂ ಛಲೋ ಆತು ಅಂದುಬಿಡುತ್ತೇನೋ ಏನೋ. ಚರ್ಚಿನಲ್ಲಿ ಮಾತ್ರ ಪ್ರೀತಿ ಎಂಬ ಪದ ನಮ್ಮ ಬಾಯಲ್ಲಿ ಸಲೀಸು. ದೇವರಿಗೆ ಹೇಳುತ್ತೇವೆ, ಹಾಡಿನಲ್ಲಿ ಹೇಳುತ್ತೇವೆ, ಕ್ರಿಸ್ಮಸ್ ಊಟಕ್ಕೂ ಪ್ರೀತಿ ಭೋಜನ ಅಂತಲೇ ಹೆಸರು. ಸತ್ತವರ ಸ್ಮರಣೆಯ ಕೂಟದಲ್ಲಂತೂ ಒಬ್ಬೊಬ್ಬರಾಗಿ ಎದ್ದು ಹೇಳುತ್ತೇವೆ. ಅವ್ವನ ಮುಂದೆ ಕೂತಾಗ ಗಂಟಲು ಕಟ್ಟುತ್ತದೆ.

ಯಾಯೀರನಿಗೆ ಹೇಗನಿಸಿತೋ

ಆ ರಾತ್ರಿ ನಿದ್ದೆ ಬರಲಿಲ್ಲ. ಲೂಕನ ಸುವಾರ್ತೆಯ ಎಂಟನೆಯ ಅಧ್ಯಾಯ ತೆಗೆದೆ. ಯಾಯೀರನ ಕಥೆ ಎಲ್ಲರಿಗೂ ಗೊತ್ತು. ಹನ್ನೆರಡು ವರ್ಷದ ಒಬ್ಬಳೇ ಮಗಳು, ಸಾಯುವ ಸ್ಥಿತಿ. ಅಪ್ಪ ಬಂದು ಕಾಲಿಗೆ ಬೀಳುತ್ತಾನೆ, ಯೇಸು ಹೊರಡುತ್ತಾರೆ. ದಾರಿಯಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಹಿಂದಿನಿಂದ ಬಂದು ಉಡುಪಿನ ಅಂಚು ಮುಟ್ಟುತ್ತಾಳೆ. ಮುಟ್ಟಿದ ಕೂಡಲೇ ವಾಸಿಯಾಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು, ಮುಂದೆ ನಡೆಯಬಹುದಿತ್ತು. ಆದರೆ ಯೇಸು ನಿಂತುಬಿಡುತ್ತಾರೆ. ನನ್ನನ್ನು ಮುಟ್ಟಿದವರು ಯಾರು ಅಂತ ಕೇಳುತ್ತಾರೆ. ಶಿಷ್ಯ ಪೇತ್ರನಿಗೆ ಇದು ಹುಚ್ಚು ಪ್ರಶ್ನೆ. ಇಷ್ಟು ಜನ ಮೇಲೆ ಬೀಳುತ್ತಿದ್ದಾರೆ, ಯಾರು ಅಂತ ಹೇಳುವುದು? ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವಾಗ ಯಾರು ತಗುಲಿದರು ಅಂತ ಕೇಳಿದ ಹಾಗೆ. ಆದರೂ ನಿಲ್ಲುತ್ತಾರೆ, ಆ ಹೆಂಗಸು ನಡುಗುತ್ತ ಮುಂದೆ ಬರುವ ತನಕ, ತನ್ನ ಕಥೆ ಹೇಳುವ ತನಕ. ಆಮೇಲೆ ಮಗಳೇ ಅಂತ ಕರೆದು ಒಂದು ಮಾತು ಹೇಳುತ್ತಾರೆ: ಸಮಾಧಾನದಿಂದ ಹೋಗು. ಮತ್ತೆ ಅದೇ ಪದ!

ಈ ಭಾಗದ ಮೇಲೆ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ಎಲ್ಲವೂ ಆ ಹೆಂಗಸಿನ ನಂಬಿಕೆಯ ಬಗ್ಗೆ. ನನಗೆ ಆ ರಾತ್ರಿ ಕಂಡವನು ಯಾಯೀರ. ಅವನು ಪಕ್ಕದಲ್ಲೇ ನಿಂತಿದ್ದಾನೆ. ಒಂದೊಂದು ನಿಮಿಷವೂ ಅವನ ಮಗಳ ಉಸಿರು. ಇಲ್ಲಿ ನೋಡಿದರೆ ಮಾತುಕತೆ ನಡೆದಿದೆ. ಅವಳಿಗೆ ವಾಸಿಯಾಯಿತಲ್ಲ, ನಾಳೆ ಮಾತಾಡಿದರೆ ಆಗದೇ? ಅವನು ಬಾಯಿ ತೆರೆದ ಅಂತ ಲೂಕ ಬರೆದಿಲ್ಲ. ನಾನಾಗಿದ್ದರೆ ತೋಳು ಹಿಡಿದು ಎಳೆಯುತ್ತಿದ್ದೆ. ಅದೇ ಹೊತ್ತಿಗೆ ಮನೆಯಿಂದ ಒಬ್ಬ ಬಂದು ನಿನ್ನ ಮಗಳು ತೀರಿಕೊಂಡಳು, ಬೋಧಕನಿಗೆ ಇನ್ನು ತೊಂದರೆ ಕೊಡಬೇಡ ಅನ್ನುತ್ತಾನೆ. ಆ ಕ್ಷಣದಲ್ಲಿ ಆ ಅಪ್ಪ ಆ ಹೆಂಗಸಿನ ಕಡೆ ಹೇಗೆ ನೋಡಿರಬಹುದು?

ಅವಸರ ಎಂದರೆ ಪಾಪ, ನಿಧಾನ ಎಂದರೆ ಪುಣ್ಯ ಅಂತ ಸುಮ್ನೆ ಹೇಳಿಬಿಡುವವರನ್ನು ಕಂಡರೆ ನನಗೆ ರೇಗುವುದು ಇದಕ್ಕೇ. ಯಾಯೀರನ ಅವಸರ ಪ್ರೀತಿಯ ಅವಸರ. ಏಳೂಕಾಲರ ನನ್ನ ಅವಸರವೂ ಬೇರೆಯದಲ್ಲ. ಮಗಳು ಹಸಿದು ಕೂರಬಾರದು ಅಂತಲೇ ಆ ಬೀನ್ಸ್. ಒಬ್ಬರ ಮೇಲಿನ ಪ್ರೀತಿ ಇನ್ನೊಬ್ಬರನ್ನು ದಾಟಿಸಿಕೊಂಡು ಓಡಿಸುತ್ತದೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ದೇವಶಾಸ್ತ್ರ ಓದುವ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಮಾತಾಡಲು ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ ಒಳ್ಳೆಯ ಸಮಾರ್ಯದವನ ಸಾಮ್ಯ, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನಿಗೆ ನಿಂತು ಸಹಾಯ ಮಾಡಿದವನ ಬಗ್ಗೆ ಯೇಸು ಹೇಳಿದ ಕಥೆ. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ, ಅವರೇ ಕೂರಿಸಿದ್ದವನು. ಹೊತ್ತಿದೆ ಅಂತ ಹೇಳಿಸಿಕೊಂಡವರಲ್ಲಿ 63 ಶೇಕಡ ಜನ ಏನಾದರೂ ಸಹಾಯ ಮಾಡಿದರು. ಆಗಲೇ ತಡವಾಗಿದೆ, ಬೇಗ ಹೋಗಿ ಅಂತ ಹೇಳಿಸಿಕೊಂಡವರಲ್ಲಿ 10 ಶೇಕಡ. ಸಮಾರ್ಯದವನ ಬಗ್ಗೆ ಮಾತಾಡಲು ಹೊರಟಿದ್ದರೂ ಅಷ್ಟೇನೂ ವ್ಯತ್ಯಾಸವಾಗಲಿಲ್ಲ. ಆ ಮಾತಾಡುವುದಕ್ಕೇ ಹೊರಟಿದ್ದ ಕೆಲವರು ಬಿದ್ದವನನ್ನು ದಾಟಿಕೊಂಡು ನಡೆದರು.

ಇದನ್ನು ಹೇಳಿ ನಗುವುದು ಸುಲಭ. ಆದರೆ ಪ್ರಯೋಗ ಮಾಡಿದವರೇ ಇನ್ನೊಂದು ಮಾತು ಬರೆದಿದ್ದಾರೆ. ದಾಟಿ ಹೋದವರೆಲ್ಲ ಕಲ್ಲೆದೆಯವರಲ್ಲ. ಆ ಕಡೆ ಕಟ್ಟಡದಲ್ಲಿ ಒಬ್ಬರು ಅವರಿಗಾಗಿ ಕಾಯುತ್ತಿದ್ದರು. ಅವರಿಗೂ ತೊಂದರೆ ಆಗಬಾರದಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡಿದ್ದರು, ಅಷ್ಟೇ.

ಹಾಗಾದರೆ ಏನು ಮಾಡುವುದು? ನನ್ನ ಹತ್ತಿರ ಉತ್ತರ ಇಲ್ಲ. ಯಾಯೀರನ ಕಥೆಯ ಕೊನೆ ಮಾತ್ರ ನೋಡುತ್ತೇನೆ. ಯೇಸು ಹುಡುಗಿಯನ್ನು ಎಬ್ಬಿಸಿದ ಮೇಲೆ, ಎಲ್ಲರೂ ಬೆರಗಾಗಿ ನಿಂತಿರುವಾಗ, ಅವಳಿಗೆ ಊಟಕ್ಕೆ ಏನಾದರೂ ಕೊಡಿ ಅನ್ನುತ್ತಾರೆ. ಆ ಗಲಾಟೆಯಲ್ಲಿ ಹುಡುಗಿಗೆ ಹಸಿವಾಗಿರಬಹುದು ಅಂತ ಹೊಳೆದದ್ದು ಅವರೊಬ್ಬರಿಗೇ.

ಮಾರ್ಥಳ ಪರವಾಗಿ ಎರಡು ಮಾತು

ನಿಧಾನದ ವಿಷಯ ಬಂದರೆ ಸಾಕು, ಯಾರಾದರೂ ಮಾರ್ಥಳನ್ನು ಎಳೆದು ತರುತ್ತಾರೆ. ಯೇಸು ಮನೆಗೆ ಬಂದಾಗ ತಂಗಿ ಮರಿಯ ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದರೆ, ಉಪಚಾರದ ಕೆಲಸದಲ್ಲಿ ಓಡಾಡುತ್ತಿದ್ದವಳು ಮಾರ್ಥ. ನೀವು ಹೆಂಗಸರು ಮಾರ್ಥಳ ಹಾಗೆ ಗಡಿಬಿಡಿ ಮಾಡಬಾರದು, ಮರಿಯಳ ಹಾಗೆ ಪಾದದ ಬಳಿ ಕೂರಬೇಕು ಅಂತ ಉಪದೇಶ. ಹೇಳಿದವರು ಆಮೇಲೆ ಕೈತೊಳೆದು ಬಿರಿಯಾನಿಗೆ ಬರುತ್ತಾರೆ. ಬಿರಿಯಾನಿ ಮಾಡಿದವರು ಬೆಳಗಿನ ಜಾವದಿಂದ ಚರ್ಚಿನ ಹಿತ್ತಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಮಾರ್ಥಳರು. ಅವರಿಗೆ ಪ್ರಸಂಗ ಕೇಳಿಸಿರುವುದಿಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಮಾರ್ಥಳನ್ನೂ ಅವಳ ತಂಗಿಯನ್ನೂ ಲಾಜರನನ್ನೂ ಪ್ರೀತಿಸುತ್ತಿದ್ದರು ಅಂತ ಒಂದು ವಾಕ್ಯ ಇದೆ. ಅಲ್ಲಿ ಮೊದಲ ಹೆಸರು ಮಾರ್ಥಳದು. ಮುಂದಿನ ಅಧ್ಯಾಯದ ಊಟದಲ್ಲೂ ಬಡಿಸುತ್ತಿರುವವಳು ಅವಳೇ. ಆಗ ಯಾರೂ ಅವಳನ್ನು ಗದರಿಸುವುದಿಲ್ಲ.

ಪಾತ್ರೆ ತೊಳೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಒರೆಸಿದರೆ ಅಲ್ಲೇ ಎಷ್ಟು ಮಾತು ಆಗುತ್ತದೆ ಅಂತ ಹೆಂಗಸರಿಗೆಲ್ಲ ಗೊತ್ತು. ಕೆಲಸ ಬಿಟ್ಟು ಬಂದು ಕೂರು ಅನ್ನುವ ಬದಲು ಎದ್ದು ಬಂದು ಒಂದು ಬಟ್ಟೆ ಕೈಗೆ ತೆಗೆದುಕೊಳ್ಳಿ ಅಂತ ಗಂಡಸರಿಗೆ ಹೇಳುವ ಪ್ರಸಂಗ ನಾನಿನ್ನೂ ಕೇಳಿಲ್ಲ. ಇರಲಿ.

ಆಯಿಯ ಪಟ್ಟಿ

ಮರುದಿನ ರಜೆ ಹಾಕಿ ರಾತ್ರಿ ರೈಲಿಗೆ ಗದಗಕ್ಕೆ ಹೊರಟೆ. ನಾನು ತಲುಪುವಷ್ಟರಲ್ಲಿ ಆಪರೇಷನ್ ಆಗಿ, ಅವ್ವ ಮನೆಗೂ ಬಂದಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಒಲೆ ಮುಂದೆ ಹೋಗಬಾರದು, ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು. ಅರವತ್ತು ವರ್ಷದಲ್ಲಿ ಅವ್ವ ಸುಮ್ಮನೆ ಕೂತದ್ದನ್ನು ಆ ಓಣಿ ನೋಡಿದ್ದು ಅದೇ ಮೊದಲಿರಬೇಕು.

ಬೆಟಗೇರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಬಂದದ್ದು 1841ರಲ್ಲಿ. ನಮ್ಮ ಮನೆತನ ಯಾವಾಗ ಸಭೆಗೆ ಸೇರಿತೋ, ಆಯಿಗೆ ಅವಳ ಅತ್ತೆಯ ತನಕ ಹೆಸರು ಗೊತ್ತಿತ್ತು. ಆಯಿ ಅಂದರೆ ಅಪ್ಪನ ಅವ್ವ. ನಾವಿದ್ದ ಓಣಿಯ ಸುತ್ತ ನೇಕಾರರ ಮನೆಗಳು, ಬೆಳಗಿನಿಂದ ರಾತ್ರಿಯ ತನಕ ಮಗ್ಗದ ಸಪ್ಪಳ. ಆ ಸಪ್ಪಳ ನಿಂತ ಮೇಲೆ ನಮ್ಮ ಮನೆಯ ಸಂಜೆ ಪ್ರಾರ್ಥನೆ. ಆಯಿ ಪ್ರಾರ್ಥನೆ ಶುರುಮಾಡಿದರೆ ನಮಗೆ ಮೊಣಕಾಲು ಜೋಮು ಹಿಡಿಯುತ್ತಿತ್ತು. ಅವಳು ಎಲ್ಲರನ್ನೂ ಆಶೀರ್ವದಿಸಪ್ಪಾ ಅಂತ ಒಂದೇ ಮಾತಿನಲ್ಲಿ ಮುಗಿಸುವವಳಲ್ಲ. ಒಬ್ಬೊಬ್ಬರನ್ನೂ ಹೆಸರಿಟ್ಟು ಕರೆಯಬೇಕು. ಹೆಸರಿನ ಜೊತೆ ವಿವರವೂ ಬೇಕು. ಎದುರು ಮನೆಯ ನೇಕಾರನ ಬಲ ಭುಜ ಎತ್ತಲು ಬರುತ್ತಿಲ್ಲ. ಹಾಲಿನವಳ ಎಮ್ಮೆ ಈಯುವುದು ಈ ವಾರ. ಮೂಲೆಮನೆಯ ಸೊಸೆ ತವರಿಗೆ ಹೋದವಳು ಬಂದಿಲ್ಲ, ಯಾಕೋ ನಿನಗ ಗೊತ್ತಪಾ ತಂದೆ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್, ಹೆಸರು ಗೊತ್ತಿಲ್ಲ, ಮುಖ ಬಾಡಿತ್ತು ಇವತ್ತು.

ಒಂದು ಸಲ ಹೀಗೆ ಪಟ್ಟಿ ನಡೆದಿರುವಾಗ ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂತು. ಅವ್ವ ಆಗ ಹೊಸ ಸೊಸೆಯಲ್ಲದಿದ್ದರೂ ಅತ್ತೆ ಆಮೆನ್ ಅನ್ನುವ ತನಕ ಏಳುವ ಧೈರ್ಯ ಇರಲಿಲ್ಲ. ನಾವು ಮಕ್ಕಳು ಒಂದು ಕಣ್ಣು ತೆರೆದು ನೋಡಿದೆವು. ಅಪ್ಪನೂ ಒಂದು ಕಣ್ಣು ತೆರೆದಿದ್ದ. ಆಯಿ ಕಣ್ಣು ಮುಚ್ಚಿಕೊಂಡೇ, ಅದೇ ದನಿಯಲ್ಲಿ, "ತಂದೆಯೇ, ಬ್ಯಾಳಿ ಹತ್ತಾಕತ್ತೇತಿ, ನನ್ನ ಸೊಸಿ ಎದ್ದು ಹೋಗ್ಲಿ, ನಿನಗ ಸಿಟ್ಟಿಲ್ಲಂತ ನನಗ ಗೊತ್ತೈತಿ" ಎಂದು ಪಟ್ಟಿ ಮುಂದುವರಿಸಿದಳು. ಅವತ್ತು ಸೀದ ಬೇಳೆಯಲ್ಲೇ ರೊಟ್ಟಿ ತಿಂದೆವು.

ಆಗ ನಮಗೆ ಅದು ತಮಾಷೆ. ಈಗ ಯೋಚಿಸಿದರೆ, ಆ ಕಂಡಕ್ಟರನ ಮುಖ ಬಾಡಿದ್ದು ಅವಳಿಗೆ ಹೇಗೆ ಕಂಡಿತು? ಟಿಕೆಟ್ ಹರಿದು ಕೊಡುವಾಗ ನೋಡಿರಬೇಕು. ಸಂಜೆ ದೇವರಿಗೆ ಹೇಳಬೇಕಲ್ಲ, ಅದಕ್ಕೆ ಹಗಲೆಲ್ಲ ನೋಡಿಕೊಂಡು ತಿರುಗುತ್ತಿದ್ದಳೋ ಏನೋ. ಸಂತೆಯ ಲೆಕ್ಕಕ್ಕಾಗಿ ಬೆಲೆ ನೆನಪಿಟ್ಟುಕೊಳ್ಳುವ ಹಾಗೆ.

ಐದು ನಿಮಿಷ

ಅವ್ವನಿಗೆ ಎರಡು ಬಗೆಯ ಡ್ರಾಪ್ಸ್ ಕೊಟ್ಟಿದ್ದರು. ಒಂದರ ಮುಚ್ಚಳ ಬಿಳಿ, ಇನ್ನೊಂದರದು ಗುಲಾಬಿ. ಮೊದಲನೆಯದು ಹಾಕಿ ಐದು ನಿಮಿಷ ಬಿಟ್ಟು ಎರಡನೆಯದು ಹಾಕಬೇಕು. ಕೂಡಲೇ ಹಾಕಿದರೆ ಮೊದಲಿನದು ತೊಳೆದುಹೋಗುತ್ತದಂತೆ. ದಿನಕ್ಕೆ ನಾಲ್ಕು ಸಲ. ನಾನು ಇರುವ ತನಕ ಆ ಕೆಲಸ ನನ್ನದು.

ಮೊದಲ ಸಲ ಹಾಕಿ ಎದ್ದು ಹೋದೆ. ಐದು ನಿಮಿಷದಲ್ಲಿ ಎಷ್ಟು ಕೆಲಸ ಆಗುತ್ತದೆ, ಅಲ್ವಾ? ಒಂದು ಇಮೇಲ್, ನಾಲ್ಕು ಲೋಟ ತೊಳೆಯುವುದು. ಮಾತಿಗೆ ಸಿಕ್ಕಿ ಮರೆತು ಕಾಲು ಗಂಟೆಯ ಮೇಲೆ ಬಂದೆ. ಅವ್ವ ಹಾಗೇ ಕಣ್ಣು ಮುಚ್ಚಿ, ಮುಖ ಮೇಲೆ ಮಾಡಿಕೊಂಡು ಮಲಗಿದ್ದಳು. ಕಣ್ಣು ತೆಗೀಬೇಡ ಅಂತ ನಾನೇ ಹೇಳಿ ಹೋಗಿದ್ದೆ. ಎರಡನೆಯ ಸಲದಿಂದ ಅಲ್ಲೇ ಕೂತೆ. ಫೋನನ್ನು ಒಳಗಿನ ಕೋಣೆಯಲ್ಲಿ ಇಟ್ಟು ಬಂದೆ, ಗೋಡೆ ಗಡಿಯಾರ ಇತ್ತಲ್ಲ.

ಮೊದಲ ದಿನ ಆ ಐದು ನಿಮಿಷ ಬಹಳ ಉದ್ದ ಅನಿಸಿತು. ಹೇಳುವುದಕ್ಕೆ ಏನೂ ಇರಲಿಲ್ಲ. ದಿನಾ ಫೋನಿನಲ್ಲಿ ಮಾತಾಡುವ ಅವ್ವ ಮಗಳಿಗೆ ಎದುರು ಕೂತರೆ ಮಾತೇ ಇಲ್ಲ. ಅವಳ ಕೈ ನೋಡಿದೆ. ಬಲಗೈ ಹೆಬ್ಬೆರಳಿನ ಉಗುರು ಒಂದು ಕಡೆ ಸವೆದಿದೆ. ರೊಟ್ಟಿ ತಟ್ಟಿ ತಟ್ಟಿಯೋ, ಮತ್ತೇನೋ. ಯಾವಾಗಿನಿಂದ ಹಾಗಿದೆ ಅಂತ ಕೇಳಿದೆ. "ನೀ ಹುಟ್ಟೂಕಿಂತ ಮೊದ್ಲಿಂದ" ಎಂದಳು.

ಎರಡನೆಯ ದಿನ ಅವಳೇ ಶುರುಮಾಡಿದಳು. ಆಪರೇಷನ್ ಕೋಣೆಯಲ್ಲಿ ಮುಖಕ್ಕೆ ಬಟ್ಟೆ ಹೊದಿಸಿದಾಗ ಉಸಿರು ಕಟ್ಟಿದ ಹಾಗಾಯಿತಂತೆ. ಒಬ್ಬಳು ನರ್ಸ್, ಸಣ್ಣ ಹುಡುಗಿ, ಬಟ್ಟೆಯ ಕೆಳಗಿನಿಂದ ಕೈ ಹಾಕಿ ಇವಳ ಬೆರಳು ಹಿಡಿದುಕೊಂಡಳಂತೆ. ಮುಗಿಯುವ ತನಕ ಬಿಡಲಿಲ್ಲವಂತೆ. "ಆಕಿ ಹೆಸರು ಕೇಳ್ಬೇಕಿತ್ತು, ಬಿಟ್ಟೆ. ಪ್ರಾರ್ಥನಿಯೊಳಗ ಏನಂತ ಕರೀಲಿ? ಬೆರಳ ಹಿಡಿದಾಕಿ ಅಂತೀನಿ. ಅವಗ ಗೊತ್ತಾಗ್ತೈತಿ."

"ಅವತ್ತು ಫೋನಿನ್ಯಾಗ ನೀ ಹೇಳಿದ್ದು ನಾ ಕೇಳಿಸ್ಕೊಂಡಿರಲಿಲ್ಲವ್ವ" ಎಂದೆ. ಮೂರು ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು. "ಛಲೋ ಆತು ಅಂದಿದ್ದು ಸುಮ್ನೆ ಅಂದಿದ್ದು. ಕಾಯಿಪಲ್ಯೆ ಹೆಚ್ಚಾಕತ್ತಿದ್ದೆ."

ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಗೊತ್ತೈತಿ" ಎಂದಳು. "ಚಾಕು ಸಪ್ಪಳ ಕೇಳಸ್ತಿತ್ತು."

ಆಮೇಲೆ ಮತ್ತೆ ನರ್ಸಿನ ಮಾತಿಗೆ ಹೋದಳು. ಅವಳು ವಿಜಾಪುರದ ಕಡೆಯವಳಿರಬೇಕು, ಮಾತು ಹಾಗಿತ್ತು, ಬಳೆ ಹಾಕಿರಲಿಲ್ಲ, ಕೈ ಬೆಚ್ಚಗಿತ್ತು. ಆಯಿಯ ಪಟ್ಟಿಯೇ. ದನಿ ಕೂಡ ಆಯಿಯದೇ. ಹೊರಗೆ ಯಾರದೋ ಮನೆಯಲ್ಲಿ ಮಗ್ಗ ಶುರುವಾಯಿತು. ನಾನು ಅವಳ ಬಲ ಅಂಗೈಗೆ ನನ್ನ ಬಲ ಅಂಗೈ ಹಚ್ಚಿ, ಮೇಲೆ ಎಡಗೈ ಮುಚ್ಚಿದೆ. ಅವಳು ಯಾಕೆ ಅಂತ ಕೇಳಲಿಲ್ಲ. ಅವಳ ಎಡಗೈ ತಾನಾಗಿ ಬಂದು ನನ್ನ ಕೈ ಮೇಲೆ ಕೂತಿತು.

"ಐದ್ ನಿಮಿಷ ಆತೇನ?" ಎಂದಳು ಸ್ವಲ್ಪ ಹೊತ್ತಿನ ಮೇಲೆ.

ಗಡಿಯಾರ ನೋಡಿದೆ. ಎಂಟು ನಿಮಿಷ ಆಗಿತ್ತು.

"ಇನ್ನೂ ಇಲ್ಲವ್ವ" ಎಂದೆ.